ಅವ್ವನ ಚಂದ್ರಕಾಳಿ ಸೀರೆಯನ್ನು ಕೌದಿಗೆ ಹಾಕಬಹುದೇ?

ಹಳೇಸೀರೆ, ಧಾರವಾಡ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ನಾನು ಹವ್ಯಾಸಕ್ಕೆಂದು ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಕೌದಿ ಹೊಲಿಯುತ್ತಿದ್ದೇನೆ. ಮಾರಾಟಕ್ಕೆ ಒಂದನ್ನೂ ಹೊಲಿದಿಲ್ಲ. ಮುಗಿಸಿದ ಹದಿನಾಲ್ಕು ಕೌದಿಗಳೂ ಮನೆಯವರ ಹಾಸಿಗೆಗಳಲ್ಲಿ, ಇಲ್ಲವೇ ಮಕ್ಕಳು ಓದಲು ಹೋದ ಊರುಗಳ ಹಾಸ್ಟೆಲ್ ಮಂಚಗಳ ಮೇಲೆ ಇವೆ. ಇಂದು ಒಂದು ಪ್ರಶ್ನೆ ಕೇಳಲು ಬಂದಿದ್ದೇನೆ. ಆದರೆ ಆ ಪ್ರಶ್ನೆ ನನಗೇಕೆ ಇಷ್ಟು ಭಾರವಾಗಿದೆ ಎಂಬುದು ತಿಳಿಯಬೇಕಾದರೆ ಹಿಂದಿನ ಮೂರು ಕೌದಿಗಳ ವಿಷಯ ಹೇಳಲೇಬೇಕು.

ಮೊದಲನೆಯದನ್ನು ನಾನು ಹೊಲಿಯಲಿಲ್ಲ, ಬಿಚ್ಚಿದೆ. ಗದಗ ಸೀಮೆಯವರಾದ ನಮ್ಮ ಅಜ್ಜಿಯ ಕೌದಿಯೊಂದು ಅಂಚು ಹರಿದು ಅಟ್ಟ ಸೇರಿತ್ತು. ದುರಸ್ತಿ ಮಾಡೋಣವೆಂದು ಹೊಲಿಗೆ ಬಿಚ್ಚುತ್ತ ಹೋದಾಗ ಅದರ ಹೊಟ್ಟೆಯೊಳಗೆ ಇನ್ನೊಂದು ಹಳೆಯ ಕೌದಿ ಸಿಕ್ಕಿತು. ಹೊಸ ಕೌದಿಗೆ ಹಳೆಯ ಕೌದಿಯನ್ನೇ ಒಳಪದರವಾಗಿ ಹಾಕುವ ರೂಢಿ ನಮ್ಮ ಕಡೆ ಇದೆಯೆಂದು ಕೇಳಿದ್ದೆನಾದರೂ ಕಣ್ಣಾರೆ ಕಂಡದ್ದು ಆಗಲೇ. ಮೇಲಿನ ಹೊಲಿಗೆ ಸಣ್ಣದು, ಒತ್ತೊತ್ತಾದದ್ದು; ಒಳಗಿನದು ಉದ್ದುದ್ದವಾಗಿ ಒಂದು ಕಡೆಗೆ ವಾಲಿದ್ದು. ಅವ್ವ ಅದನ್ನು ನೋಡಿದ ಕೂಡಲೇ ಅದು ಅಜ್ಜಿಯ ಅತ್ತೆಯ ಕೈ ಎಂದು ಹೇಳಿದಳು, ಏಕೆಂದರೆ ಆಕೆ ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದಳಂತೆ. ನಾನು ಹುಟ್ಟುವ ಮೊದಲೇ ತೀರಿಹೋದ, ಒಂದು ಫೋಟೋ ಕೂಡ ಇಲ್ಲದ ಆ ಹೆಂಗಸಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಮತ್ತು ಅದನ್ನು ತಿಳಿಸಿದ್ದು ಆ ಹೊಲಿಗೆ.

ಎರಡನೆಯದು ತೊಟ್ಟಿಲ ಕೌದಿ. ನನ್ನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ತಂದ ಹಸಿರು ಸೀರೆಯನ್ನು ಮಗಳು ಬಾಣಂತನಕ್ಕೆ ಬಂದಾಗ ಅವಳ ಕೂಸಿಗಾಗಿ ಹೊಲಿದೆ. ಮೂರೇ ಪದರ, ಎಳೆಯ ಮೈಗೆ ಒತ್ತದಂತೆ ಗಂಟುಗಳನ್ನೆಲ್ಲ ಒಳಗೆ ಅಡಗಿಸಿದ್ದೆ.

ಮೂರನೆಯದು ಅಪ್ಪನ ಬಟ್ಟೆಗಳದು. ಅಪ್ಪ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರ ಬಿಳಿ ಅಂಗಿಗಳ ಎದೆಯ ಜೇಬಿನ ಕೆಳಗೆ ನೀಲಿ ಶಾಯಿಯ ಕಲೆ ಇಲ್ಲದ ಒಂದು ಅಂಗಿಯೂ ಇರಲಿಲ್ಲ. ಧೋತರಗಳನ್ನು ಒಳಪದರಕ್ಕೆ ಹಾಕಿ, ಮೇಲ್ಪದರಕ್ಕೆ ಅಂಗಿಗಳ ತುಂಡುಗಳನ್ನು ಜೋಡಿಸಿದೆ. ಶಾಯಿಯ ಕಲೆಯಿದ್ದ ಒಂದು ಜೇಬನ್ನು ಮಾತ್ರ ಬಾಯಿ ಮುಚ್ಚದೆ ಹಾಗೆಯೇ ಉಳಿಸಿದೆ. ಈಗ ನನ್ನ ಮೊಮ್ಮಗ ರಾತ್ರಿ ಮಲಗುವಾಗ ತನ್ನ ಗೋಲಿಗಳನ್ನು ಆ ಜೇಬಿನಲ್ಲಿಟ್ಟು ಅದರ ಮೇಲೆ ಕೈಯಿಟ್ಟು ನಿದ್ದೆ ಹೋಗುತ್ತಾನೆ.

ಇನ್ನು ನನ್ನ ಪ್ರಶ್ನೆ. ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಇದೆ. ಇಳಕಲ್ಲಿನದು, ಎಂಟು ಗಜದ್ದು, ಕಪ್ಪು ಒಡಲು, ಕೆಂಪು ಸೆರಗು. ವರ್ಷಕ್ಕೊಂದೆರಡು ಸಲ ಮಾತ್ರ ಉಡುತ್ತಿದ್ದಳು. ಇದುವರೆಗೆ ನಾನು ಕತ್ತರಿ ಹಾಕಿದ್ದೆಲ್ಲ ಉಟ್ಟು ಸವೆದ ಬಟ್ಟೆಗೆ. ಸವೆಯದ ಸೀರೆಗೆ, ಅದೂ ಅವ್ವನ ಸೀರೆಗೆ, ಕತ್ತರಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಟ್ರಂಕಿನಲ್ಲಿ ಹಾಗೆಯೇ ಬಿಡಲೂ ಮನಸ್ಸಿಲ್ಲ. ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಮಡಿಕೆ, ಮೈಸೂರು:

ಅಕ್ಕನವರೇ, ನಾನು ಕೌದಿ ಹೊಲಿಯುವವನಲ್ಲ, ಆದರೆ ಟ್ರಂಕಿನಲ್ಲಿಟ್ಟವನು. ನಮ್ಮ ತಾಯಿಯ ಮದುವೆಯ ರೇಷ್ಮೆ ಸೀರೆಯನ್ನು ಅವರು ತೀರಿಕೊಂಡ ನಂತರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಭದ್ರವಾಗಿರಲಿ ಎಂದು ಒಂಬತ್ತು ವರ್ಷ ಮುಟ್ಟಲಿಲ್ಲ. ತಂಗಿಯ ಮಗಳಿಗೆ ತೋರಿಸಲು ತೆಗೆದಾಗ ಮಡಿಕೆಯ ಗೆರೆಗಳ ಉದ್ದಕ್ಕೂ ಸೀರೆ ಸೀಳಿಹೋಗಿತ್ತು, ಜರಿ ಕಪ್ಪಾಗಿತ್ತು. ಯಾರೂ ಅದನ್ನು ಹರಿದಿರಲಿಲ್ಲ. ಒಂದೇ ಮಡಿಕೆಯಲ್ಲಿ, ಗಾಳಿಯಾಡದ ಚೀಲದಲ್ಲಿ ಅಷ್ಟು ವರ್ಷ ಬಿದ್ದುಕೊಂಡಿದ್ದುದೇ ಅದಕ್ಕೆ ಮುಳುವಾಯಿತು. ಆ ದಿನ ನನಗಾದ ಸಂಕಟವನ್ನು ನೀವು ಪಡಬೇಡಿ. ಇಡುವುದೇ ಆದರೆ ತೊಳೆದ ಹತ್ತಿಯ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಕೆಲವು ತಿಂಗಳಿಗೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಗೆರೆಯ ಮೇಲೆ ಮತ್ತೆ ಮಡಿಸದೆ ಬೇರೆ ಕಡೆ ಮಡಿಸಿ. ಆದರೂ ನನ್ನನ್ನು ಕೇಳಿದರೆ ತಾಯಿಯ ಸೀರೆಯನ್ನು ಕತ್ತರಿಸಬಾರದು ಎಂದೇ ಹೇಳುತ್ತೇನೆ. ಅದು ನನ್ನ ಭಾವನೆ, ಶಾಸ್ತ್ರವಲ್ಲ.

ಸಿರಾಸೀಮೆ, ತುಮಕೂರು ಜಿಲ್ಲೆ:

ನಮ್ಮ ಕಡೆ ಇದನ್ನು ಬೊಂತೆ ಎನ್ನುತ್ತೇವೆ. ನಮ್ಮ ಮನೆಯ ಬೊಂತೆಗಳು ಒರಟು. ಬಣ್ಣ, ಅಂದ ಎಂದು ಯಾರೂ ಯೋಚಿಸುತ್ತಿರಲಿಲ್ಲ, ಚಳಿಗೆ ಹೊದೆಯಲು ಬೇಕಾಗಿತ್ತು ಅಷ್ಟೇ. ಆದರೆ ಯಾವ ಬೊಂತೆಯಲ್ಲಿ ಯಾರ ಬಟ್ಟೆಯಿದೆ ಎಂದು ನಮ್ಮಮ್ಮ ಕತ್ತಲಲ್ಲಿ ಮುಟ್ಟಿ ಹೇಳುತ್ತಿದ್ದರು.

ಸೂಜಿಮನೆ, ಬಾಗಲಕೋಟೆ:

ಹಳೇಸೀರೆಯವರ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೌದಿಗೆ ಹಾಕುವುದೆಂದರೆ ಕತ್ತರಿಸುವುದು ಎಂದು ಎಲ್ಲರೂ ಇಟ್ಟುಕೊಂಡಂತಿದೆ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನಮ್ಮ ಊರಿಗೂ ಬರುತ್ತಿದ್ದರು. ಕಾಳು, ಹಳೆಯ ಬಟ್ಟೆ, ಒಂದಿಷ್ಟು ಹಣ ಅವರ ಕೂಲಿ. ಅವರು ನಮ್ಮ ಪಡಸಾಲೆಯಲ್ಲಿ ಸೀರೆ ಹಾಸುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಒಳ್ಳೆಯ ಸೀರೆ ಸಿಕ್ಕರೆ ಅವರು ಅದಕ್ಕೆ ಕತ್ತರಿ ತಾಕಿಸುತ್ತಲೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಎಂಟು ಗಜವೆಂದರೆ ಇಪ್ಪತ್ತನಾಲ್ಕು ಅಡಿ. ಅದನ್ನು ಹಿಂದೆ ಮುಂದೆ ಮಾಡಿ ನಾಲ್ಕು ಮಡಿಕೆ ಹಾಕಿದರೆ ಒಂದೊಂದು ಪದರವೂ ಆರಡಿ ಉದ್ದವಾಗುತ್ತದೆ, ಸೀರೆಯ ಅಗಲ ಹೇಗೂ ಸುಮಾರು ನಾಲ್ಕಡಿ ಇರುತ್ತದೆ. ಒಬ್ಬರು ಹೊದೆಯುವ ಕೌದಿಯ ಅಳತೆ ಅದೇ. ಇಡೀ ಸೀರೆ ಒಂದೇ ತುಂಡಾಗಿ ನಾಲ್ಕು ಪದರದ ಕೌದಿಯಾಗುತ್ತದೆ. ನಾಳೆ ನಿಮ್ಮ ಮೊಮ್ಮಗಳಿಗೆ ಅದನ್ನು ಉಡಬೇಕೆನಿಸಿದರೆ ಹೊಲಿಗೆ ಬಿಚ್ಚಿದರಾಯಿತು, ಸೀರೆ ಸೀರೆಯೇ ಆಗಿರುತ್ತದೆ. ಹತ್ತಿಯ ಒಡಲಾದರೆ ಸೂಜಿಯ ತೂತುಗಳು ಎರಡು ಮೂರು ಸಲ ಒಗೆದ ಮೇಲೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ.

ದಾರದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಎಡವುವುದು ಅಲ್ಲಿಯೇ. ಗಟ್ಟಿಯಾಗಿರಲಿ ಎಂದು ಪಾಲಿಯೆಸ್ಟರ್ ದಾರ ತರುತ್ತಾರೆ. ಹಳೆಯ ಬಟ್ಟೆ ಮೆತ್ತಗಾಗಿರುತ್ತದೆ. ಎಳೆತ ಬಿದ್ದಾಗ ಗಟ್ಟಿ ದಾರ ಉಳಿದು ಬಟ್ಟೆ ಹರಿಯುತ್ತದೆ. ಹತ್ತಿಯ ನೂಲಾದರೆ ಮೊದಲು ನೂಲು ಹರಿಯುತ್ತದೆ, ನೂಲನ್ನು ಮತ್ತೆ ಹಾಕಬಹುದು. ಇನ್ನೊಂದು ಮಾತು, ಯಂತ್ರಕ್ಕೆ ಕೊಡಬೇಡಿ. ಕಣ್ಣು ಮಂಜಾಗಿದ್ದ ವರ್ಷ ಒಂದು ಕೌದಿಯನ್ನು ನಮ್ಮೂರ ದರ್ಜಿಯೊಬ್ಬರಿಗೆ ಕೊಟ್ಟೆ. ಮೊದಲ ಒಗೆತಕ್ಕೇ ಅದು ಸುಕ್ಕುಗಟ್ಟಿ ಹಲಗೆಯಂತಾಯಿತು. ಕೈಹೊಲಿಗೆಯ ಸಡಿಲವೇ ಕೌದಿಯ ಮೆತ್ತನೆ. ಆ ಸಡಿಲದಲ್ಲಿ ಗಾಳಿ ಉಳಿಯುತ್ತದೆ, ಗಾಳಿಯೇ ಬೆಚ್ಚಗಿಡುವುದು.

ಕೊಂಡಿ, ಇಳಕಲ್:

ನಾವು ನೇಕಾರ ಮನೆತನದವರು. ಸೂಜಿಮನೆ ಅಕ್ಕನವರ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಇಳಕಲ್ ಸೀರೆಯಾದ್ದರಿಂದ ಒಂದು ಎಚ್ಚರಿಕೆ ಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದನ್ನೇ ಕೊಂಡಿ ಎನ್ನುವುದು. ಈ ಕೆಲಸಕ್ಕೆ ಬಹಳ ತಾಳ್ಮೆ ಬೇಕು, ನಮ್ಮ ಮನೆಯಲ್ಲಿ ಇದು ಹೆಚ್ಚಾಗಿ ಹೆಂಗಸರ ಕೈಯದು.

ನಿಮ್ಮ ಸೀರೆಯ ಒಡಲು ಹತ್ತಿಯದೇ, ಸೆರಗು ರೇಷ್ಮೆಯದೇ ಎಂದು ಮೊದಲು ನೋಡಿಕೊಳ್ಳಿ. ಹಾಗಿದ್ದರೆ ಒಗೆದಾಗ ಎರಡೂ ಒಂದೇ ರೀತಿ ಎಳೆದುಕೊಳ್ಳುವುದಿಲ್ಲ, ಎಳೆತವೆಲ್ಲ ಕೊಂಡಿಯ ಗೆರೆಯ ಮೇಲೆ ಬೀಳುತ್ತದೆ. ಆದ್ದರಿಂದ ಕೊಂಡಿಯ ಗೆರೆಯನ್ನು ಹೊಲಿಗೆಯ ಸಾಲು ದಾಟದಂತೆ ನೋಡಿಕೊಳ್ಳಿ. ಸಾಲು ಅದರ ಹತ್ತಿರ ಬಂದು ತಿರುಗಲಿ. ಸೆರಗಿನ ಮೇಲೆ ಸಾಲುಗಳ ನಡುವಿನ ಅಂತರ ಹೆಚ್ಚಿರಲಿ. ಕೆಂಪು ಬಣ್ಣ ಬಿಡುತ್ತದೆಯೋ ಎಂದು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಒತ್ತಿ ಪರೀಕ್ಷಿಸಿ.

ನಿಮ್ಮ ಬರಹದಲ್ಲಿ ಸೆರಗಿನ ಬಗ್ಗೆ ಹೆಚ್ಚು ಹೇಳಿಲ್ಲ. ಹಳೆಯ ಚಂದ್ರಕಾಳಿಯಾದರೆ ಟೋಪಿ ತೆನೆಯ ಸೆರಗು ಇರಬೇಕು, ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ದಡಿ ಯಾವುದೆಂದು ತಿಳಿಸಿದರೆ ಸಂತೋಷ. ಗೋಮಿಯೋ, ಗಾಡಿಯೋ, ಚಿಕ್ಕಿ ಪರಾಸೋ?

ಕಾನುಸೀಮೆ, ಯಲ್ಲಾಪುರ:

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದ್ ಎಂಬ ತೇಪೆ ಕೌದಿಯ ಬಗ್ಗೆ ಇಲ್ಲಿ ಹೇಳಬೇಕೆನಿಸಿತು. ಸಿದ್ದಿಯರ ಪೂರ್ವಿಕರಲ್ಲಿ ಹಲವರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟವರು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡುಗಳಿಗೆ ಬಂದು ನೆಲೆಸಿದವರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವರ ಕವಂದ್‌ಗಳ ಬಗ್ಗೆ ಅಧ್ಯಯನ ಮಾಡಿ ಹೊರದೇಶಗಳಲ್ಲಿ ಪ್ರದರ್ಶಿಸಿದ್ದಾರೆ.

ನಾನು ನೆರೆಮನೆಯ ಸಿದ್ದಿ ಅಮ್ಮನೊಬ್ಬರಲ್ಲಿ ಕಲಿತೆ. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತು ಹಾಕುತ್ತ, ತುಂಡುಗಳನ್ನು ಇಡುತ್ತ, ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೊದಲೇ ವಿನ್ಯಾಸ ಬರೆದುಕೊಳ್ಳುವುದಿಲ್ಲ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ತ್ರಿಕೋನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೂವು ಮಾಡುತ್ತಾರೆ, ಅದನ್ನು ಫೂಲ್ ಎನ್ನುತ್ತಾರೆ. ಹೂವಿಲ್ಲದಿದ್ದರೆ ಕವಂದ್ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಯರ ಕೆಲವು ಕವಂದ್‌ಗಳಲ್ಲಿ ಶಿಲುಬೆಯೂ, ಮುಸ್ಲಿಂ ಸಿದ್ದಿಯರ ಕೆಲವುಗಳಲ್ಲಿ ಅರ್ಧಚಂದ್ರವೂ ಕಾಣುತ್ತವೆ.

ನನಗೆ ಕಲಿಸಿದ ಆ ಅಮ್ಮ ತಮ್ಮ ಗಂಡನ ಅಂಗಿಯನ್ನು ಮೊಮ್ಮಗುವಿನ ಕವಂದ್‌ಗೆ ಹಾಕುವಾಗ ನಾನು ಪಕ್ಕದಲ್ಲಿದ್ದೆ. ಅವರು ಅಳಲಿಲ್ಲ, ಮಾತೂ ಆಡಲಿಲ್ಲ. ಅಂಗಿಯ ಕಾಲರನ್ನು ಬಿಡಿಸುವಾಗ ಮಾತ್ರ ಕತ್ತರಿಯನ್ನು ಬದಿಗಿಟ್ಟು, ಹೊಲಿಗೆಯ ಒಂದೊಂದು ಎಳೆಯನ್ನೂ ಉಗುರಿನಿಂದಲೇ ಬಿಡಿಸಿದರು. ಅದಕ್ಕೆ ಅರ್ಧ ತಾಸು ಹಿಡಿಯಿತು. ಆ ಕಾಲರು ಈಗ ಮಗುವಿನ ಕವಂದ್‌ನ ಒಂದು ಮೂಲೆಯ ಹೂವಾಗಿದೆ.

ದೂರದೂರು, ಮಿಷಿಗನ್:

ನಾನು ಹುಬ್ಬಳ್ಳಿಯವಳು, ಹದಿನೆಂಟು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ. ಇಲ್ಲಿಯ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಸೇರುವ ಕ್ವಿಲ್ಟ್ ಗುಂಪಿನಲ್ಲಿ ಹೊಲಿಯುತ್ತೇನೆ. ಇಲ್ಲಿ ಹೆಚ್ಚಿನವರು ಅಂಗಡಿಯಿಂದ ಹೊಸ ಬಟ್ಟೆ ತಂದು, ಅಳತೆ ಮಾಡಿ ಕತ್ತರಿಸಿ, ನಡುವೆ ಹತ್ತಿಯ ಹಾಳೆಯಿಟ್ಟು ಹೊಲಿಯುತ್ತಾರೆ. ನಮ್ಮ ಕೌದಿಗೆ ಆ ಹಾಳೆಯ ಅಗತ್ಯವೇ ಇಲ್ಲ, ಎಲ್ಲ ಪದರಗಳೂ ಉಟ್ಟ ಬಟ್ಟೆಯೇ ಎಂದು ಹೇಳಿದಾಗ ಗುಂಪಿನ ಹಿರಿಯರೊಬ್ಬರು ನನಗೆ ಗೀಸ್ ಬೆಂಡ್ ಬಗ್ಗೆ ಹೇಳಿದರು. ಅಲಬಾಮ ರಾಜ್ಯದಲ್ಲಿ ನದಿಯೊಂದರ ತಿರುವಿನಲ್ಲಿರುವ ಆ ಊರಿನ ಕಪ್ಪು ಹೆಂಗಸರು, ಹತ್ತಿಯ ಹೊಲಗಳಲ್ಲಿ ದುಡಿದು ಹರಿದ ಬಟ್ಟೆಗಳಿಂದಲೇ ತಲೆಮಾರುಗಳ ಕಾಲ ಕ್ವಿಲ್ಟ್ ಹೊಲಿದವರು. 2002ರಲ್ಲಿ ಅವು ಹ್ಯೂಸ್ಟನ್ನಿನ ಮತ್ತು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಗಳ ಮೇಲೆ ಬಂದವು.

ಅವುಗಳಲ್ಲಿ ಒಂದನ್ನು 1942ರಲ್ಲಿ ಮಿಸೌರಿ ಪೆಟ್‌ವೇ ಎಂಬವರು ತೀರಿಹೋದ ತಮ್ಮ ಗಂಡನ ಕೆಲಸದ ಬಟ್ಟೆಗಳಿಂದ ಹೊಲಿದರು. ಮಗಳನ್ನೂ ಜೊತೆಗೆ ಕೂರಿಸಿಕೊಂಡಿದ್ದರು. ಅವರು ಅದನ್ನು ಹೊಲಿದದ್ದು ಗಂಡನನ್ನು ನೆನೆಯುವುದಕ್ಕೆ, ಹೊದ್ದು ಮಲಗುವುದಕ್ಕೆ. ಅದರ ಚಿತ್ರದಲ್ಲಿ ಬಣ್ಣ ಮಾಸಿದ ಪ್ಯಾಂಟಿನ ತುಂಡುಗಳನ್ನು ನೋಡಿದ ದಿನ ನನಗೆ ನಮ್ಮ ದೊಡ್ಡಮ್ಮನ ನೆನಪು ಬಂತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಧೋತರಗಳನ್ನು ದಾನ ಮಾಡಿರಿ ಎಂದು ಎಲ್ಲರೂ ಹೇಳಿದರೂ ಅವರು ಕೇಳದೆ ಕೌದಿಗೆ ಹಾಕಿದರು. ಆ ವಯಸ್ಸಿನಲ್ಲಿ ನನಗದು ಹಟವೆಂದು ಕಂಡಿತ್ತು.

ಹಳೇಸೀರೆ ಅಕ್ಕಾ, ಚಂದ್ರಕಾಳಿಯನ್ನು ಕೌದಿಗೆ ಹಾಕಿ. ನಮ್ಮ ಅವ್ವನ ಸೀರೆಗಳಲ್ಲಿ ಒಂದೂ ನನ್ನ ಬಳಿಯಿಲ್ಲ. ವಿಮಾನದ ತೂಕದ ಲೆಕ್ಕದಲ್ಲಿ ಪ್ರತಿ ಸಲವೂ ಬಿಟ್ಟು ಬಂದೆ, ಕೊನೆಗೆ ಕೇಳುವ ಹೊತ್ತಿಗೆ ಯಾರು ಯಾರಿಗೋ ಹಂಚಿಹೋಗಿದ್ದವು.

ಮಡಿಕೆ, ಮೈಸೂರು:

ಸೂಜಿಮನೆ ಅಕ್ಕನವರ ಬರಹ ಓದಿದ ಮೇಲೆ ನನ್ನ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಕತ್ತರಿಸದೆ ಹೊಲಿಯಬಹುದೆಂದು ನನಗೆ ತಿಳಿದಿರಲಿಲ್ಲ. ನಮ್ಮ ತಾಯಿಯ ಸೀಳಿದ ಸೀರೆಯನ್ನು ಇನ್ನೂ ಎಸೆದಿಲ್ಲ. ಅದನ್ನು ಏನಾದರೂ ಮಾಡಬಹುದೇ?

ಸೂಜಿಮನೆ, ಬಾಗಲಕೋಟೆ:

ಮಡಿಕೆಯವರೇ, ಸೀಳಿದ ರೇಷ್ಮೆಯನ್ನು ಹೊದೆಯುವ ಕೌದಿಗೆ ಹಾಕಿದರೆ ಅದು ಒಗೆತ ತಡೆಯುವುದಿಲ್ಲ. ಗಟ್ಟಿಯಾಗಿ ಉಳಿದ ಭಾಗಗಳನ್ನು, ದಡಿಯನ್ನು, ಸೆರಗಿನ ಬುಟ್ಟಗಳನ್ನು ಬಿಡಿಸಿಕೊಂಡು, ಹಿಂದೆ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟು, ಒಂದು ಸಣ್ಣ ಹಾಸು ಮಾಡಿಸಿ. ತಂಗಿಯ ಮಗಳು ಹೊಲಿಯಲು ಕಲಿಯುವ ವಯಸ್ಸಿನವಳಾದರೆ ಅವಳಿಂದಲೇ ಮಾಡಿಸಿ. ಹೇಗೆಂದು ನಾನು ಹೇಳಿಕೊಡುತ್ತೇನೆ.

ಹಳೇಸೀರೆ, ಧಾರವಾಡ:

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮೆಲ್ಲರ ಬರಹಗಳನ್ನು ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ಸೀರೆಯ ಮೇಲೆ ನನಗೆಷ್ಟು ಹಕ್ಕಿದೆಯೋ ಅವಳಿಗೂ ಅಷ್ಟೇ ಹಕ್ಕಿದೆಯಲ್ಲ. ಅವಳು ಒಪ್ಪಿದ ಮೇಲೆಯೇ ಟ್ರಂಕು ತೆರೆದೆ.

ಇಳಕಲ್ಲಿನ ಕೊಂಡಿಯವರಿಗೆ ಮೊದಲು ಉತ್ತರಿಸುತ್ತೇನೆ. ಒಡಲು ಹತ್ತಿಯದೇ, ಸೆರಗು ರೇಷ್ಮೆಯದು, ನೀವು ಹೇಳಿದಂತೆ ಮೂರು ಕೆಂಪು, ಎರಡು ಬಿಳಿ ಪಟ್ಟಿಗಳ ಟೋಪಿ ತೆನೆ. ದಡಿಯ ಚಿತ್ರವನ್ನು ಪಕ್ಕದ ಮನೆಯ ಹಿರಿಯರಿಗೆ ತೋರಿಸಿದಾಗ ಅವರು ಗಾಡಿ ದಡಿ ಎಂದರು. ಒದ್ದೆ ಬಟ್ಟೆ ಒತ್ತಿದಾಗ ಬಣ್ಣ ಹತ್ತಲಿಲ್ಲ. ಕೊಂಡಿಯ ಗೆರೆಯನ್ನು ಬೆರಳಿನಿಂದ ಸವರಿದರೆ ಕುಣಿಕೆಗಳು ಸಣ್ಣ ಮಣಿಗಳ ಸಾಲಿನಂತೆ ತಾಕುತ್ತವೆ. ಇಷ್ಟು ವರ್ಷ ಅವ್ವನ ಸೆರಗು ಹಿಡಿದು ಓಡಾಡಿದವಳಿಗೆ ಅದು ಅಲ್ಲಿದೆಯೆಂದು ಗೊತ್ತೇ ಇರಲಿಲ್ಲ.

ಸೂಜಿಮನೆ ಅಕ್ಕನವರು ಹೇಳಿದಂತೆ ಕತ್ತರಿ ತಾಕಿಸಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಸೀರೆಯನ್ನು ಹಿಂದೆ ಮುಂದೆ ನಾಲ್ಕು ಮಡಿಕೆ ಮಾಡಿ, ಸೆರಗು ಮೇಲ್ಪದರದಲ್ಲಿ ಬರುವಂತೆ ಇಟ್ಟು, ನಾಲ್ಕು ಮೂಲೆಗಳಿಗೂ ಅವ್ವ ಉಪ್ಪಿನಕಾಯಿ ಭರಣಿಯ ಮೇಲೆ ಹೇರುತ್ತಿದ್ದ ಕಲ್ಲುಗಳನ್ನೇ ಹೇರಿದೆ. ಮಡಿಕೆ ಬಿಡಿಸುವಾಗ ಒಂದು ಪದರದಲ್ಲಿ ಅರಿಶಿನದ ಬೆರಳ ಗುರುತು ಕಂಡಿತು, ಹೆಬ್ಬೆರಳು ಮತ್ತು ತೋರುಬೆರಳಿನದು, ನಿರಿಗೆ ಹಿಡಿಯುವ ಜಾಗದಲ್ಲಿ. ಕಪ್ಪು ಬಟ್ಟೆಯಾದ್ದರಿಂದ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಆ ಪದರ ಒಳಗೆ ಬಂದಿರುವುದರಿಂದ ಒಗೆದಾಗಲೂ ಅದಕ್ಕೆ ಉಜ್ಜು ತಾಕುವುದಿಲ್ಲ ಎಂದುಕೊಂಡಿದ್ದೇನೆ.

ಪದರಗಳು ಸರಿಯದಂತೆ ಟಾಕಿ ಹಾಕಿ, ಅಂಚಿನಿಂದ ಆರಂಭಿಸಿ, ಎರಡು ಬೆರಳಿಗೊಂದು ಸಾಲಿನಂತೆ ಬಿಳಿ ಹತ್ತಿ ನೂಲಿನಿಂದ ಚೌಕವಾಗಿ ಸುತ್ತುತ್ತ ಬಂದಿದ್ದೇನೆ. ಕೊಂಡಿಯ ಗೆರೆಗೆ ಬಂದಲ್ಲೆಲ್ಲ ಸಾಲು ತಿರುಗುತ್ತದೆ, ಆದ್ದರಿಂದ ಆ ಕಡೆ ಚೌಕ ಸ್ವಲ್ಪ ಸೊಟ್ಟಗಾಗಿದೆ. ಸೆರಗಿನ ಮೇಲೆ ನಾಲ್ಕು ಬೆರಳಿಗೊಂದು ಸಾಲು. ತೇಪೆ ಹಚ್ಚಿದ್ದು ಮೂಲೆಗಳಿಗೆ ಮಾತ್ರ. ಯಲ್ಲಾಪುರದವರ ಬರಹ ಓದಿದ ಮೇಲೆ ಮೂಲೆಗಳು ಬರಿದಾಗಿ ಕಾಣತೊಡಗಿದವು. ಸಿದ್ದಿ ಹೆಂಗಸರ ಹೂವು ನನ್ನ ಕೈಗೆ ಬರಲಿಲ್ಲ, ಅದು ಅವರದೇ ಆಗಿರಲಿ ಎಂದೂ ಅನಿಸಿತು. ಅವ್ವನ ಗುಳೇದಗುಡ್ಡ ಖಣದ ಕುಪ್ಪಸವೊಂದು ಕಂಕುಳಲ್ಲಿ ಹರಿದಿತ್ತು, ಅದರ ನಾಲ್ಕು ತುಂಡುಗಳನ್ನು ಮೂಲೆಗೊಂದರಂತೆ ಹಚ್ಚಿದ್ದೇನೆ.

ನಡುವೆ ಒಂದು ಮೊಳದಷ್ಟು ಚೌಕವನ್ನು ಹೊಲಿಯದೆ ಬಿಟ್ಟಿದ್ದೇನೆ. ಮಾನವಮಿಗೆ ಮನೆಯ ಹಾಸಿಗೆಗಳನ್ನೆಲ್ಲ ಒಗೆಯುವ ಹೊತ್ತಿಗೆ ತಂಗಿ ಸೊಲ್ಲಾಪುರದಿಂದ ಬರುತ್ತಾಳೆ, ಆ ಚೌಕ ಅವಳ ಪಾಲಿನದು. ಅವಳ ಹೊಲಿಗೆ ನನ್ನದಕ್ಕಿಂತ ದೊಡ್ಡದು. ಅದನ್ನು ಸರಿಮಾಡಲು ಹೋಗಬಾರದೆಂದು ಈಗಲೇ ಮಾತು ತೆಗೆದುಕೊಂಡಿದ್ದಾಳೆ. ಮುಗಿದ ಮೇಲೆ ಕೌದಿ ಆರು ತಿಂಗಳು ಅವಳ ಮನೆಯಲ್ಲಿ, ಆರು ತಿಂಗಳು ನಮ್ಮ ಮನೆಯಲ್ಲಿ ಇರುತ್ತದೆ. ಚಳಿಗಾಲ ಅವಳಿಗೆ ಬಂದಿದೆ.